ಟೆಂಟ್ ಹಾಕುವ ರಾತ್ರಿಗೆ ದೊಡ್ಡ ಸ್ಪಾಟ್‌ಲೈಟ್

ಸ್ಪಾಟ್‌ಲೈಟ್ ಕೊಳ್ಳುವವರು ಡಬ್ಬದ ಮೇಲಿನ ಲ್ಯೂಮೆನ್ ಸಂಖ್ಯೆಗೆ ಮರುಳಾಗುವುದೇ ಹೆಚ್ಚು. ಲ್ಯೂಮೆನ್ ಅಂದರೆ ಹೊರಬೀಳುವ ಒಟ್ಟು ಬೆಳಕು. ಅದು ಸುತ್ತಮುತ್ತ ಚೆಲ್ಲಿಹೋದರೂ ಲೆಕ್ಕಕ್ಕೆ ಸೇರುತ್ತದೆ. ಬೆಳಕು ಎಷ್ಟು ದೂರ ಮುಟ್ಟುತ್ತದೆ ಅನ್ನುವುದು ಕ್ಯಾಂಡೆಲಾದಿಂದ, ಅಂದರೆ ಒಂದೇ ದಿಕ್ಕಿಗೆ ಹೋಗುವ ಬೆಳಕಿನ ತೀವ್ರತೆಯ ಅಳತೆಯಿಂದ ಗೊತ್ತಾಗುತ್ತದೆ. ಕ್ಯಾಂಡೆಲಾದ ವರ್ಗಮೂಲವನ್ನು ಎರಡರಿಂದ ಗುಣಿಸಿ: 10,000ಕ್ಕೆ 200 ಮೀಟರ್, 1,00,000ಕ್ಕೆ ಸುಮಾರು 630 ಮೀಟರ್. ಆದರೆ ಆ ಕೊನೆಯಲ್ಲಿ ಬೀಳುವುದು ಕಾಲು ಲಕ್ಸ್ (ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ), ಅಂದರೆ ಹೆಚ್ಚುಕಡಿಮೆ ಬೆಳದಿಂಗಳಷ್ಟು. ಹಳ್ಳದಾಚೆ ನಿಂತಿರುವುದು ದನವೋ ಕಾಟಿಯೋ ಎಂದು ಗುರುತಿಸಬೇಕಾದರೆ ಆ ದೂರದ ಕಾಲುಭಾಗವನ್ನಷ್ಟೇ ನಂಬಿ. ಸಂಸಾರ ಸಮೇತ ಕಾಫಿ ತೋಟದಲ್ಲಿ ಟೆಂಟ್ ಹಾಕುವವರಿಗೆ 40,000 ಕ್ಯಾಂಡೆಲಾ ಧಾರಾಳ.

ಅತಿ ಹೆಚ್ಚು ಬೆಳಕು ಕೊಡುವ ಟರ್ಬೊ ಮೋಡ್ ಕೆಲವೇ ನಿಮಿಷದ ಆಟ. ಎಲ್‌ಇಡಿ ಬಿಸಿಯಾದಂತೆ ಒಳಗಿನ ಸರ್ಕ್ಯೂಟ್ ತಾನಾಗಿಯೇ ಬೆಳಕು ತಗ್ಗಿಸುತ್ತದೆ. ಅದು ಕೆಟ್ಟಿದೆ ಎಂದು ಅಂಗಡಿಗೆ ಓಡಬೇಡಿ. ಆದರೆ ಉರಿಯುತ್ತಿರುವ ಟಾರ್ಚನ್ನು ಮುಖ ಕೆಳಗಾಗಿ ಟೆಂಟಿನ ನೈಲಾನ್ ಮೇಲೋ ಮಲಗುವ ಚೀಲದ ಮೇಲೋ ಇಟ್ಟರೆ ಬಟ್ಟೆ ಕರಗಬಹುದು. ಬ್ಯಾಗಿನೊಳಗೆ ತಾನೇ ಹೊತ್ತಿಕೊಂಡರೂ ಇದೇ ಪಾಡು. ಪ್ರಯಾಣದಲ್ಲಿ ಲಾಕ್ ಒತ್ತಿಡಿ, ಲಾಕ್ ಇಲ್ಲದಿದ್ದರೆ ಸೆಲ್ ಹೊರತೆಗೆದು ಪ್ಲಾಸ್ಟಿಕ್ ಡಬ್ಬದಲ್ಲಿಡಿ.

ಹಿಡಿಯುವ ಬಗೆ ಕೆಲಸಕ್ಕೆ ತಕ್ಕಂತೆ ಬದಲಾಗುತ್ತದೆ. ದನ, ನಾಯಿ, ಜಿಂಕೆಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಬಂದ ದಾರಿಗೇ ತಿರುಗಿಸುವ ಪದರವಿದೆ. ಆ ಹೊಳಪು ಕಾಣಬೇಕಾದರೆ ಟಾರ್ಚ್ ನಿಮ್ಮ ಕೆನ್ನೆಯ ಪಕ್ಕದಲ್ಲಿರಬೇಕು. ಮಲೆನಾಡಿನ ಮಂಜಿನಲ್ಲಿ ಹಾಗೆ ಹಿಡಿದರೆ ಎದುರಿಗೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ, ಏಕೆಂದರೆ ಹನಿಗಳು ಬೆಳಕನ್ನು ನೇರ ಕಣ್ಣಿಗೇ ಹಿಂದೂಡುತ್ತವೆ. ಆಗ ಕೈಯನ್ನು ಸೊಂಟದ ಮಟ್ಟಕ್ಕೆ ಇಳಿಸಿ, ಬೆಳಕನ್ನು ಅರ್ಧಕ್ಕೆ ತಗ್ಗಿಸಿ.

ಹಾವಿಗೆ ಸ್ಪಾಟ್‌ಲೈಟ್ ನೆಚ್ಚಿಕೊಳ್ಳಬೇಡಿ. ಹಾವಿನ ಕಣ್ಣಿಗೆ ಆ ಹೊಳಪಿಲ್ಲ, ಮೇಲಾಗಿ ದೂರಕ್ಕೆ ಹೋಗುವ ಕಿರಿದಾದ ಬೆಳಕು ಪಾದದ ಸುತ್ತಲನ್ನು ಬಿಟ್ಟುಬಿಡುತ್ತದೆ. ಶೌಚಕ್ಕೆ ಹೋಗುವಾಗ ಬೇಕಾದದ್ದು ಅಗಲವಾಗಿ ಹರಡುವ 100–200 ಲ್ಯೂಮೆನ್‌ನ ಸಣ್ಣ ಟಾರ್ಚ್; ಮೊಣಕಾಲ ಎತ್ತರದಿಂದ ಓರೆಯಾಗಿ ಹಿಡಿದರೆ ನೆರಳು ಉದ್ದವಾಗಿ ಬಿದ್ದು ನೆಲದ ಏರುತಗ್ಗು ಕಾಣುತ್ತದೆ.

ಮಕ್ಕಳ ಕೈಗೆ ದೊಡ್ಡದು ಬೇಡವೇ ಬೇಡ. ಅವರಿಗೆ ತಲೆಗೆ ಕಟ್ಟುವ, 50 ಲ್ಯೂಮೆನ್ ಮೀರದ ದೀಪ ಸಾಕು. ಕತ್ತಲಿಗೆ ಕಣ್ಣು ಪೂರ್ತಿ ಒಗ್ಗಲು 20–30 ನಿಮಿಷ ಹಿಡಿಯುತ್ತದೆ, ಯಾರೋ ಒಬ್ಬರು ಮುಖಕ್ಕೆ ಬಿಟ್ಟರೆ ಅಷ್ಟೂ ನೀರುಪಾಲು. ಊಟದ ಹೊತ್ತಿಗೆ ಸ್ಪಾಟ್‌ಲೈಟನ್ನು ಕಡಿಮೆ ಮೋಡ್‌ನಲ್ಲಿಟ್ಟು, ಮೇಲೆ ಕಟ್ಟಿದ ಟಾರ್ಪಾಲಿಗೆ ತಿರುಗಿಸಿ. ಟಾರ್ಪಾಲಿನ ಒಳಮೈ ಬಿಳಿಯಾಗಿದ್ದರೆ ತಟ್ಟೆಯೆಲ್ಲ ಕಾಣುವಷ್ಟು ಮೆದು ಬೆಳಕು ಸಿಗುತ್ತದೆ.

ಸಕಲೇಶಪುರ, ಕೊಡಗಿನ ಕಡೆ ಆನೆ ಕಂಡರೆ ಮುಖಕ್ಕೆ ಬೆಳಕು ಹಿಡಿದು ನಿಲ್ಲುವ ಧೈರ್ಯ ತೋರಬೇಡಿ. ಮಕ್ಕಳನ್ನು ಕರೆದುಕೊಂಡು ಕಟ್ಟಡದೊಳಗೆ ಸೇರಿ, ತೋಟದವರಿಗೆ ತಿಳಿಸಿ. ಅಭಯಾರಣ್ಯದೊಳಗೆ ಕಾಡುಪ್ರಾಣಿಯನ್ನು ಕೆಣಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿದೆ. ಅರಣ್ಯ ಗಾರ್ಡ್ ಬೆಳಕು ಬೇಡವೆಂದರೆ ಟಾರ್ಚ್ ಆರಿಸಿಬಿಡಿ, ವಾದ ಮಾಡಬೇಡಿ.

ಇನ್ನು ಸೆಲ್. ಇಂಥ ಟಾರ್ಚಿಗೆ ಹಾಕುವ, 18650 ಎಂಬ ಅಳತೆಯ ಲಿಥಿಯಂ ಸೆಲ್‌ನಲ್ಲಿ ಸಾಮಾನ್ಯವಾಗಿ 2,500ರಿಂದ 3,500 ಎಂಎಎಚ್ (ಚಾರ್ಜ್ ಹಿಡಿಯುವ ಸಾಮರ್ಥ್ಯದ ಅಳತೆ) ಇರುತ್ತದೆ. 9,900 ಎಂದು ಅಚ್ಚಾಗಿದ್ದರೆ ಅದು ಶುದ್ಧ ಸುಳ್ಳು. ಮೂರು ಸೆಲ್ ಒಟ್ಟಿಗೆ ಹಾಕುವ ಟಾರ್ಚಿಗೆ ಹಳತು ಹೊಸತು ಬೆರೆಸಬಾರದು, ಸೋತ ಸೆಲ್ ಮಿತಿಮೀರಿ ಖಾಲಿಯಾಗಿ ಅಪಾಯ ತರುತ್ತದೆ. ಮಳೆಯಲ್ಲಿ ಒಳಗೆ ನೀರಿಳಿಯುವುದು ಒಣಗಿದ ರಬ್ಬರ್ ರಿಂಗಿನಿಂದ. ಆಗಾಗ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ತಿಂಗಳುಗಟ್ಟಲೆ ಎತ್ತಿಡುವಾಗ ಲಿಥಿಯಂ ಸೆಲ್ ಅರ್ಧ ಚಾರ್ಜಿನಲ್ಲಿರಲಿ. ಹಳೆ ಮಾದರಿಯ ಲೆಡ್ ಆ್ಯಸಿಡ್ ಬ್ಯಾಟರಿಯದು ಇದಕ್ಕೆ ತಿರುಗುಮುರುಗು: ತುಂಬಿಸಿಯೇ ಇಡಬೇಕು, ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ಚಾರ್ಜಿಗೆ ಹಾಕಬೇಕು.