ಬನವಾಸಿಯ ಸಾಲು, ವೇಮುಲವಾಡದ ಕವಿ

ನವೆಂಬರ್ 3, 2024, ಭಾನುವಾರ ರಾತ್ರಿ

ಪಂಪ ಮಹಾಕವಿ ರಸ್ತೆಯಲ್ಲಿ ರಾಜ್ಯೋತ್ಸವದ ಬಾವುಟಗಳು ಇನ್ನೂ ಇಳಿದಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಎದುರು ನಿಂತ ಆಟೋದ ಬೆನ್ನ ಮೇಲೆ ಪಂಪನ ಅದೇ ಸಾಲು: "ಆರಂಕುಶವಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ". ಮೇಷ್ಟ್ರು ಅದನ್ನು ಓದಿ, "ಫಿನ್ಲೆಂಡಿನವರಿಗೆ ಕಾಲೆವಾಲ ಹೇಗೋ ನಮಗೆ ಪಂಪಭಾರತ ಹಾಗೆ, ಅಲ್ವೇನಯ್ಯಾ?" ಅಂದರು.

ಅಲ್ಲ ಮೇಷ್ಟ್ರೇ. ಕಾಲೆವಾಲ ಎಂಬ ಆ ಮಹಾಕಾವ್ಯ ಹುಟ್ಟಿದ್ದೇ ನಾಡಿನ ಕನಸಿನ ಜೊತೆಗೆ. ಆಗ ಫಿನ್ಲೆಂಡ್ ರಷ್ಯದ ಚಕ್ರವರ್ತಿಯ ಕೈಯಲ್ಲಿತ್ತು, ಓದಿದವರ ಮನೆಮಾತು ಸ್ವೀಡಿಷ್. ಎಲಿಯಾಸ್ ಲೋನ್ರೋಟ್ ಎಂಬ ವೈದ್ಯ ಕರೇಲಿಯಾದ ಹಳ್ಳಿಗಳಲ್ಲಿ ಹಾಡುಗಳನ್ನು ಬರೆದುಕೊಂಡ. ಬಿಡಿ ಹಾಡುಗಳನ್ನು ಆಯ್ದು, ಹೆಸರುಗಳನ್ನು ಹೊಂದಿಸಿ, ಒಂದೇ ಕಥೆಯಾಗಿ ಹೆಣೆದ. ಮೊದಲ ಮುದ್ರಣ 1835. ಹಿಗ್ಗಿಸಿದ 1849ರ ಆವೃತ್ತಿಯಲ್ಲಿ 50 ಹಾಡು, 22,795 ಸಾಲು. 1863ರಲ್ಲಿ ಫಿನ್ನಿಷ್ ಭಾಷೆಗೆ ಆಡಳಿತದಲ್ಲಿ ಸ್ಥಾನ ಕೊಡುವ ಆಜ್ಞೆ ಹೊರಟಿತು. ಹೆಣೆದವನ ಕೈಚಳಕ ಕಡಿಮೆಯದಲ್ಲ.

ಪಂಪನಿಗೆ ಅಂಥ ಗರಜು ಇರಲಿಲ್ಲ. 941ರಲ್ಲಿ ಅವನ ಕಣ್ಣೆದುರು ಇದ್ದದ್ದು ನಾಡಲ್ಲ, ಒಡೆಯ. ವೇಮುಲವಾಡದ ಚಾಳುಕ್ಯ ಅರಿಕೇಸರಿಯನ್ನು ಅರ್ಜುನನ ಜೊತೆ ಸಮೀಕರಿಸಿದ್ದರಿಂದ ಕಥೆಯ ಕೀಲುಗಳನ್ನೇ ಬದಲಿಸಬೇಕಾಯಿತು. ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಕೊನೆಗೆ ಪಟ್ಟ ಕಟ್ಟಿಸಿಕೊಳ್ಳುವವನು ಧರ್ಮರಾಯನಲ್ಲ, ಅರ್ಜುನ, ಪಕ್ಕದಲ್ಲಿ ಸುಭದ್ರೆ. ದ್ರೌಪದಿಯ ಮುಡಿಗಾಗಿ ನಡೆದ ಯುದ್ಧ ಎಂದು ಹೇಳುತ್ತ ಬಂದವನಿಗೆ ಈ ಮುಕ್ತಾಯ ಸ್ವಲ್ಪ ಇರುಸುಮುರುಸಾಗಿರಲೇಬೇಕು. ಆ ವೇಮುಲವಾಡ ಇವತ್ತು ತೆಲಂಗಾಣದಲ್ಲಿದೆ!

ಬನವಾಸಿಯ ಪದ್ಯ ಬರುವುದು ನಾಲ್ಕನೆಯ ಆಶ್ವಾಸದಲ್ಲಿ, ಅಂದರೆ ಅಧ್ಯಾಯದಲ್ಲಿ, ಅರ್ಜುನ ದೇಶ ಸುತ್ತಲು ಹೊರಟಾಗ. ಅದು ಉತ್ಪಲಮಾಲೆ ಎಂಬ ವೃತ್ತ, ಸಾಲಿಗೆ 20 ಅಕ್ಷರ. ಮೂರನೆಯ ಸಾಲು "ಏನನೆಂಬೆನಾ" ಎಂದು ಮುಗಿದು, ನಾಲ್ಕನೆಯದು "ರಂಕುಸಮಿಟ್ಟೊಡಂ" ಎಂದು ಶುರುವಾಗುತ್ತದೆ. ಆಟೋದ ಮೇಲೆ ಬರೆಯುವವರು ಹಿಂದಿನ ಸಾಲಿನಿಂದ "ಆ" ಎರವಲು ತರುತ್ತಾರೆ. ಅಲ್ಲಿಗೆ ಒಂದು ಅಕ್ಷರ ಹೆಚ್ಚು, ಛಂದಸ್ಸು ಹೋಯಿತು. ಅದಕ್ಕಿಂತ ದೊಡ್ಡ ನಷ್ಟ ಮೇಲಿನ ಮೂರು ಸಾಲುಗಳದ್ದು. ತೆಂಕಣಗಾಳಿ, ಒಳ್ಳೆಯ ಮಾತು, ಇಂಪಾದ ಹಾಡು, ಬಿರಿದ ಮಲ್ಲಿಗೆ, ಇವೆಲ್ಲ ನೆನಪನ್ನು ಕೆಣಕುವ ಕಾರಣಗಳು. ಅವನ್ನು ಬಿಟ್ಟರೆ ಉಳಿಯುವುದು ಅಂಕುಶ ಮಾತ್ರ, ಹಂಬಲದ ಪದ್ಯ ಹಟದ ಘೋಷಣೆಯಾಗುತ್ತದೆ. ಪಂಪಭಾರತವನ್ನು 1898ರಲ್ಲಿ ಶಾಸನ ವಿದ್ವಾಂಸ ಬಿ.ಎಲ್. ರೈಸ್ ಅಚ್ಚು ಹಾಕಿಸಿದ, 1931ರಲ್ಲಿ ಪರಿಷತ್ತು ಪರಿಷ್ಕರಿಸಿತು. ಈ ಸಾಲು ಬೀದಿಗೆ ಬಂದದ್ದು ಆ ಪುಸ್ತಕಗಳ ದಾರಿಯಿಂದ.

ಕುಮಾರವ್ಯಾಸನ ದಾರಿ ಬೇರೆ, ಅವನು ಅಚ್ಚಿಗೆ ಕಾಯಲಿಲ್ಲ. ಆರು ಸಾಲಿನ ಭಾಮಿನಿ ಷಟ್ಪದಿಯ 3-4-3-4 ಮಾತ್ರೆಯ ನಡೆ ಓದು ಬಾರದವರ ನಾಲಿಗೆಗೂ ಹತ್ತುತ್ತದೆ: "ತಿಳಿಯ ಹೇಳುವೆ ಕೃಷ್ಣಕಥೆಯನು". ಕಾವ್ಯವನ್ನು ರಾಗವಾಗಿ ಓದುವ ಗಮಕ ಕಲಿಯುವವರು ಎಡವುವುದು 14 ಮಾತ್ರೆ ಮುಗಿದಲ್ಲೆಲ್ಲ ನಿಂತು. ಒಂದು, ಎರಡನೆಯ ಸಾಲುಗಳನ್ನು ಹರಿಯಬಿಟ್ಟು, ಮೂರನೆಯ ಸಾಲಿನ 23ನೇ ಮಾತ್ರೆಗೆ ಮುಗಿಯುವ ಗುರು ಅಕ್ಷರದಲ್ಲಿ ನಿಲ್ಲಬೇಕು. ಅವನು ಹೇಳಿಕೊಂಡದ್ದು ಕೃಷ್ಣನ ಕಥೆ. ಕಾವ್ಯದ ಹೆಸರಿನಲ್ಲಿ ಮಾತ್ರ ಕರ್ಣಾಟ. ನನ್ನನ್ನು ಕೇಳಿದರೆ ಕನ್ನಡಿಗರನ್ನು ಒಂದೇ ಜಗಲಿಯ ಮೇಲೆ ಕೂರಿಸಿದ್ದು ಅವನೇ, ಪಂಪನಲ್ಲ.

ಮೇಷ್ಟ್ರು ಒಪ್ಪಲಿಲ್ಲ. "ಪಂಪ ನಮ್ಮವನು ತಾನೇ?" ಅಂದರು. ಪಂಪನ ತಮ್ಮ ಜಿನವಲ್ಲಭ ತೆಲಂಗಾಣದ ಕುರಿಕ್ಯಾಲದ ಬಂಡೆಯ ಮೇಲೆ ಕನ್ನಡ, ಸಂಸ್ಕೃತ, ತೆಲುಗು ಮೂರರಲ್ಲೂ ಪದ್ಯ ಕೆತ್ತಿಸಿದ್ದಾನೆ. ಅದರಲ್ಲಿನ ತೆಲುಗು ಕಂದ ಪದ್ಯಗಳು ತೆಲುಗಿನವರಿಗೆ ದೊಡ್ಡ ಆಸ್ತಿ. ಅಣ್ಣ ನಮ್ಮ ಪಾಲಿಗೆ, ತಮ್ಮ ಅವರ ಪಾಲಿಗೆ ಎಂದು ಗೆರೆ ಎಳೆಯುವುದಾದರೆ ಆ ಬಂಡೆಯನ್ನು ಎಲ್ಲಿಂದ ಸೀಳುವುದು?