ಕನ್ನಡಕ ಬದಲಿಸಿ ಪ್ರಯೋಜನವಿಲ್ಲದ ಕಣ್ಣು: ಎಎಂಡಿಯಲ್ಲಿ ಆಪ್ಟೋಮೆಟ್ರಿಸ್ಟ್ ಕೆಲಸ

ಪಿನ್‌ಹೋಲ್ (ಸಣ್ಣ ರಂಧ್ರವಿರುವ ತಟ್ಟೆ) ಇಟ್ಟ ಮೇಲೂ ಚಾರ್ಟಿನಲ್ಲಿ ಸಾಲು ಏರಲಿಲ್ಲ, ಬದಲಿಗೆ ಇನ್ನೊಂದು ಸಾಲು ಇಳಿಯಿತು ಅಂದರೆ ಕಣ್ಣು ಪರೀಕ್ಷಿಸಿ ಕನ್ನಡಕ ಬರೆಯುವ ಆಪ್ಟೋಮೆಟ್ರಿಸ್ಟ್ ಕೈ ಅಲ್ಲೇ ನಿಲ್ಲಬೇಕು. ವಯಸ್ಸು ಅರವತ್ತೈದು ದಾಟಿದ್ದರೆ ಮೊದಲ ಅನುಮಾನ ಮ್ಯಾಕುಲಾ ಮೇಲೆ. ಅಕ್ಷಿಪಟದ ನಟ್ಟನಡುವಿನ ಈ ಚೂರೇ ಓದುವುದಕ್ಕೆ, ಮುಖ ಗುರುತಿಸುವುದಕ್ಕೆ ಬೇಕಾದದ್ದು. ಎಎಂಡಿ, ಅಂದರೆ ವಯಸ್ಸಿನೊಂದಿಗೆ ಬರುವ ಮ್ಯಾಕುಲಾ ಸವೆತ, ಕೆಡಿಸುವುದು ಅದನ್ನೇ. ವಯಸ್ಸಾದವರ ಎಲ್ಲ ಮಂಜಿಗೂ ನಮ್ಮಲ್ಲಿ 'ಪೊರೆ ಬಂದಿದೆ' ಅನ್ನುವ ಉತ್ತರ ಸಿದ್ಧವಿರುತ್ತದೆ. ಪೊರೆ ಇರುತ್ತದೆ, ನಿಜ. ಆದರೆ ಪೊರೆ ತೆಳುವಾಗಿದ್ದು ದೃಷ್ಟಿ 6/36ಕ್ಕೆ (ಸರಿಯಾದ ಕಣ್ಣು 36 ಮೀಟರಿನಿಂದ ಓದುವುದನ್ನು 6 ಮೀಟರಿನಿಂದ ಮಾತ್ರ ಓದುವ ಮಟ್ಟಕ್ಕೆ) ಇಳಿದಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ. ಆಪರೇಷನ್‌ಗೆ ಮೊದಲೇ ಇದನ್ನು ಮನೆಯವರಿಗೆ ಬಿಡಿಸಿ ಹೇಳಬೇಕು.

ಇಂಥ ಕಣ್ಣಿನಲ್ಲಿ ಆಟೋರಿಫ್ರಾಕ್ಟರ್ (ಕನ್ನಡಕದ ಪವರ್ ತಾನೇ ಅಳೆಯುವ ಯಂತ್ರ) ಕೊಟ್ಟ ನಂಬರನ್ನು ನಂಬಬೇಡಿ. ನಡುವೆ ಕಾಣದವರು ಯಂತ್ರದೊಳಗಿನ ಚಿತ್ರವನ್ನು ನೇರ ನೋಡುವುದೇ ಇಲ್ಲ. ಮುಖದ ಮುಂದೆ ತಂದು ಲೆನ್ಸ್ ಬದಲಿಸುವ ಫೊರಾಪ್ಟರ್ ಕೂಡ ಬೇಡ, ಬಿಡಿ ಲೆನ್ಸ್ ಕೂರಿಸುವ ಟ್ರಯಲ್ ಫ್ರೇಮ್ ಹಾಕಿ. ತಲೆ ಓರೆ ಮಾಡಿ, ಕಣ್ಣು ಹೊರಳಿಸಿ, ಕಾಣುವ ಅಂಚನ್ನು ಅವರೇ ಹುಡುಕಿಕೊಳ್ಳಲಿ. ದೃಷ್ಟಿ 6/60 ಇರುವವರಿಗೆ 0.25ರ ಲೆನ್ಸ್ ತಿರುಗಿಸಿ 'ಇದಾ, ಅದಾ' ಅಂತ ಕೇಳುವುದು ಇಬ್ಬರಿಗೂ ದಂಡ. ಪ್ಲಸ್ 1, ಮೈನಸ್ 1ರಿಂದ ಶುರು ಮಾಡಿ. ಚಾರ್ಟನ್ನು 2 ಅಥವಾ 3 ಮೀಟರಿಗೆ ತನ್ನಿ. ಸಾಲಿನಲ್ಲಿ ಯಾವ ಅಕ್ಷರ ಬಿಟ್ಟು ಓದುತ್ತಾರೆ ಎಂಬುದನ್ನೂ ಗಮನಿಸಿ, ಕಾಣದ ಜಾಗ ಎಲ್ಲಿದೆ ಎಂಬ ಸುಳಿವು ಅದರಲ್ಲೇ ಸಿಗುತ್ತದೆ.

ಅಂಗಡಿಯಲ್ಲಿ ಅನೇಕರು ಗಮನಿಸದ ಸಂಗತಿ ಇನ್ನೊಂದಿದೆ. ವೆಟ್ ಎಎಂಡಿ ಎಂಬ ಸೋರುವ ಬಗೆಯಲ್ಲಿ ಹೊಸ ರಕ್ತನಾಳ ಸೋರಿ ಅಕ್ಷಿಪಟ ಮೇಲೆದ್ದರೆ ಕಣ್ಣಿನ ಉದ್ದ ಅಷ್ಟು ಕಡಿಮೆಯಾಗಿ ಪ್ಲಸ್ ಪವರ್ ಏರುತ್ತದೆ. 0.3 ಮಿ.ಮೀ. ಎದ್ದರೂ ಹೆಚ್ಚುಕಡಿಮೆ ಒಂದು ಡಯಾಪ್ಟರ್ (ಲೆನ್ಸ್ ಪವರಿನ ಅಳತೆ) ವ್ಯತ್ಯಾಸ ಬರಬಹುದು. ಒಂದೇ ಕಣ್ಣಿನಲ್ಲಿ ಕೆಲವೇ ತಿಂಗಳಲ್ಲಿ ಪ್ಲಸ್ ಹೆಚ್ಚಿದ್ದರೆ ಅದು ಕನ್ನಡಕದ ಆರ್ಡರ್ ಅಲ್ಲ, ಅಕ್ಷಿಪಟದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನಿನ ಚೀಟಿ.

ಗೆರೆ ಸೊಟ್ಟ ಕಾಣುತ್ತದೆಯೇ ಎಂದು ನೋಡುವ ಚೌಕಳಿ ಹಾಳೆ, ಆಮ್ಸ್ಲರ್ ಗ್ರಿಡ್, ಕೈಗೆ ಕೊಟ್ಟರೆ ಸಾಲದು, ಎದುರಿಗೇ ಮಾಡಿಸಿ. 10 ಸೆಂ.ಮೀ. ಚೌಕ, ಒಳಗಿನ ಮನೆ 5 ಮಿ.ಮೀ., ದೂರ 30 ಸೆಂ.ಮೀ. ಓದುವ ಕನ್ನಡಕ ಹಾಕಿ, ಒಂದು ಕಣ್ಣು ಪೂರ್ತಿ ಮುಚ್ಚಿ, ನಡುವಿನ ಚುಕ್ಕೆಯನ್ನೇ ನೋಡಬೇಕು. ಎರಡೂ ಕಣ್ಣು ತೆರೆದು ನೋಡಿದರೆ ಒಳ್ಳೆಯ ಕಣ್ಣು ಕೆಟ್ಟದ್ದರ ದೋಷ ಮುಚ್ಚಿಹಾಕುತ್ತದೆ. ತಿಂಗಳುಗಟ್ಟಲೆ ಗೊತ್ತಾಗದೆ ಹೋಗುವುದು ಹೀಗೇ. ಗ್ರಿಡ್ ಕಳೆದುಹೋಯಿತೇ, ಕಿಟಕಿಯ ಸರಳು ಅಥವಾ ಟೈಲ್ಸ್ ಗೆರೆ ನೋಡಿದರೂ ನಡೆಯುತ್ತದೆ. ಆದರೆ ಗೆರೆ ನೆಟ್ಟಗಿವೆ ಅಂದಮಾತ್ರಕ್ಕೆ ಕಾಯಿಲೆ ಇಲ್ಲ ಎನ್ನುವಂತಿಲ್ಲ. ಹೊಸದಾಗಿ ಗೆರೆ ಸೊಟ್ಟಗಾಗಿದ್ದರೆ ಒಂದೆರಡು ದಿನದಲ್ಲಿ ರೆಟಿನಾ ತಜ್ಞರ ಮುಂದೆ ಕೂರಿಸಬೇಕು, ಅವರಿಗೆ ನೀವೇ ಫೋನ್ ಮಾಡಿ. ಪತ್ರದಲ್ಲಿ ಎರಡೂ ಕಣ್ಣಿನ ಈಗಿನ ದೃಷ್ಟಿ, ಹಿಂದಿನ ದೃಷ್ಟಿ ತಾರೀಖಿನೊಡನೆ, ಸೊಟ್ಟ ಕಾಣಲು ಶುರುವಾದ ದಿನ, ಇಷ್ಟು ಇರಲಿ.

ವೆಟ್ ಎಎಂಡಿಗೆ, ಸೋರಿಕೆ ತಡೆಯಲು ಕಣ್ಣೊಳಗೆ ಕೊಡುವ ಇಂಜೆಕ್ಷನ್ ಶುರುವಾದ ಮೇಲೆ ಮೊದಲ ಮೂರು ಸಾಮಾನ್ಯವಾಗಿ ತಿಂಗಳಿಗೊಂದು, ಆಮೇಲೆ ಅಂತರ ಹಿಗ್ಗಿಸುತ್ತಾರೆ. 'ಈಗ ಕಾಣ್ತಿದೆ, ಸಾಕು' ಎಂದು ನಡುವೆ ಬಿಡುವವರೂ, 'ಏನೂ ಉಪಯೋಗವಿಲ್ಲ' ಎಂದು ಬಿಡುವವರೂ ಕೊನೆಗೆ ಕಳೆದುಕೊಳ್ಳುವುದು ಒಂದೇ. ಚುಚ್ಚಿದ ದಿನ ಕಿರಿಕಿರಿ ಸಹಜ. ನಂತರದ ದಿನಗಳಲ್ಲಿ ನೋವು, ಕೆಂಪು ಹೆಚ್ಚಿ ದೃಷ್ಟಿ ಇಳಿದರೆ ಸೋಂಕಿನ ಭಯವಿದೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ವಿಟಮಿನ್ ಮಾತ್ರೆ ಎಲ್ಲರಿಗೂ ಅಲ್ಲ. ಕಾಯಿಲೆ ಮಧ್ಯಮ ಹಂತದಲ್ಲಿದ್ದರೆ, ಇಲ್ಲವೇ ಒಂದು ಕಣ್ಣಿನಲ್ಲಿ ಮುಂದುವರಿದಿದ್ದರೆ ಮಾತ್ರ. 2013ರ ಎಆರ್‌ಇಡಿಎಸ್2 ಅಧ್ಯಯನದ ಪ್ರಕಾರ ದಿನಕ್ಕೆ ಲ್ಯೂಟಿನ್ 10, ಝಿಯಾಝಾಂಥಿನ್ 2, ವಿಟಮಿನ್ ಸಿ 500, ಸತು 80, ತಾಮ್ರ 2 ಮಿ.ಗ್ರಾಂ., ವಿಟಮಿನ್ ಇ 400 ಐಯು. ಸ್ಟ್ರಿಪ್ಪಿನ ಹಿಂಬದಿ ಓದಿ ಹೋಲಿಸಿ. ಬೀಡಿ, ಸಿಗರೇಟು ಸೇದುವವರಿಗೆ ಬೀಟಾ ಕ್ಯಾರೋಟಿನ್ ಇರುವುದು ಬೇಡ. ಸೇದುವುದನ್ನು ಬಿಡಿಸುವುದು ಮಾತ್ರೆಗಿಂತ ದೊಡ್ಡ ಕೆಲಸ.

ಉಳಿದ ದೃಷ್ಟಿಯಲ್ಲಿ ಪತ್ರಿಕೆ ಓದಿಸುವುದು ಪೂರ್ತಿ ನಮ್ಮ ಕೈಯಲ್ಲಿದೆ. ದೂರದ ದೃಷ್ಟಿಯನ್ನು ತಲೆಕೆಳಗು ಮಾಡಿ ಭಾಗಿಸಿದರೆ ಓದಲು ಬೇಕಾದ ಪವರ್ ಅಂದಾಜು ಸಿಗುತ್ತದೆ: 6/36ಕ್ಕೆ +6, 6/60ಕ್ಕೆ +10. ಎರಡೂ ಕಣ್ಣಿಂದ ಓದುವುದಾದರೆ +6ಕ್ಕೆ ಪ್ರತಿ ಕಣ್ಣಿಗೂ 8 ಬೇಸ್-ಇನ್ ಪ್ರಿಸಂ (ದಪ್ಪ ಅಂಚು ಮೂಗಿನ ಕಡೆ ಇರುವುದು) ಸೇರಿಸಿ. +10 ಅಂದರೆ ಹಾಳೆ ಮುಖದಿಂದ 10 ಸೆಂ.ಮೀ. ದೂರದಲ್ಲಿ. ಇದನ್ನು ಕಲಿಸದೆ ಕೊಟ್ಟರೆ ಹಳೆಯ ಅಭ್ಯಾಸದಂತೆ ಹಾಳೆಯನ್ನು ಮೊಳದ ದೂರ ಹಿಡಿದು, 'ಇದೂ ಮಸುಕು' ಎಂದು ಕನ್ನಡಕ ಎತ್ತಿಡುತ್ತಾರೆ. ಹಾಳೆ ಮೂಗಿಗೆ ತಾಗಿಸಿ, ಅಕ್ಷರ ತಿಳಿಯಾಗುವವರೆಗೆ ಮೆಲ್ಲಗೆ ಹಿಂದೆ ಸರಿಸಲು ಹೇಳಿ. ಕೈ ನಡುಗುವವರಿಗೆ ಹಾಳೆಯ ಮೇಲೆ ಕೂರುವ, ದೀಪವಿರುವ ಸ್ಟ್ಯಾಂಡ್ ಭೂತಗನ್ನಡಿ ಒಳ್ಳೆಯದು.

ಇನ್ನೊಂದು ಪ್ರಶ್ನೆಯನ್ನು ನೀವಾಗಿಯೇ ಕೇಳಬೇಕು: 'ಇಲ್ಲದ್ದೇನಾದರೂ ಕಾಣುತ್ತದೆಯೇ?' ಗೋಡೆ ಮೇಲೆ ಹೂಬಳ್ಳಿ, ಅಂಗಳದಲ್ಲಿ ಪುಟ್ಟ ಜನ ಕಂಡರೂ ತಲೆ ಕೆಟ್ಟಿದೆ ಎಂದಾರು ಎಂದು ಹಿರಿಯರು ಬಾಯಿ ಬಿಡುವುದಿಲ್ಲ. ಇದು ಚಾರ್ಲ್ಸ್ ಬಾನೆಟ್ ಸಿಂಡ್ರೋಮ್; ಕಣ್ಣಿಂದ ಬರುವ ಸುದ್ದಿ ಕಡಿಮೆಯಾದಾಗ ಮೆದುಳು ತಾನೇ ಚಿತ್ರ ಕಟ್ಟುತ್ತದೆ. ಅದು ನಿಜವಲ್ಲವೆಂದು ಅವರಿಗೂ ಗೊತ್ತಿರುತ್ತದೆ. ದೀಪ ಹಾಕಿ, ಕಣ್ಣನ್ನು ಎಡಕ್ಕೂ ಬಲಕ್ಕೂ ಹೊರಳಿಸಿದರೆ ಎಷ್ಟೋ ಸಲ ಮಾಯವಾಗುತ್ತದೆ. ಜೊತೆಗೆ ದನಿ ಕೇಳಿಸಿದರೆ ಅಥವಾ ಮರೆವು, ಗೊಂದಲ ಇದ್ದರೆ ಮಾತ್ರ ನರರೋಗ ಅಥವಾ ಮನೋರೋಗ ತಜ್ಞರಲ್ಲಿಗೆ ಕಳಿಸಿ.