ಮುಂದುವರಿಕೆ ಕಡತ

ಯೂನಿವರ್ಸಿಟಿಯಲ್ಲಿ ಹೊಸ ಅಧ್ಯಯನ ಕೇಂದ್ರ ಶುರು ಮಾಡೋದು ಅಂಥ ಕಷ್ಟವೇನಲ್ಲ. ಪ್ರಸ್ತಾವ ನಿಕಾಯದ (ಅಂದರೆ ಫ್ಯಾಕಲ್ಟಿಯ) ಸಭೆ, ಅಕಾಡೆಮಿಕ್ ಕೌನ್ಸಿಲ್, ಸಿಂಡಿಕೇಟ್ ದಾಟಿದರೆ ಆಯಿತು. ಕುಲಪತಿಗಳು ಬಂದು ಟೇಪ್ ಕತ್ತರಿಸುತ್ತಾರೆ, ಮರುದಿನ ಪೇಪರಿನಲ್ಲಿ ಫೋಟೋ. ಅವಧಿ ಮುಗಿದು ಮುಂದುವರಿಕೆ ಕಡತ ಎದ್ದಾಗ ಮಾತ್ರ ಎಲ್ಲರ ಮುಖ ಗಂಟಾಗುತ್ತದೆ.

ನಾನು ಒಂದು ಮಹಿಳಾ ಅಧ್ಯಯನ ಕೇಂದ್ರದಲ್ಲಿ ಸಂಶೋಧನಾ ಸಹಾಯಕಿ. ಕಾಯಂ ಅಲ್ಲ. ಕೇಂದ್ರ ಇದ್ದರೆ ನಾನು, ಇಲ್ಲದಿದ್ದರೆ ಇಲ್ಲ. ಆದ್ದರಿಂದ ನಿಕಾಯದ ಪರಿಶೀಲನಾ ಸಮಿತಿ ಬರುತ್ತದೆ ಎಂದಾಗ ನಮ್ಮ ನಿರ್ದೇಶಕಿ ಮೇಡಂಗಿಂತ ನನಗೇ ಜಾಸ್ತಿ ದಿಗಿಲು.

ಇಂಥ ಕೇಂದ್ರಗಳ ಕಥೆ ಹಳೆಯದು. 1974ರಲ್ಲಿ ದೇಶದ ಮಹಿಳೆಯರ ಸ್ಥಿತಿಗತಿ ಕುರಿತ ರಾಷ್ಟ್ರೀಯ ಸಮಿತಿ ವರದಿ ಕೊಟ್ಟಿತು. ಅದೇ ವರ್ಷ ಮುಂಬೈನ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಮಹಿಳಾ ಅಧ್ಯಯನಕ್ಕೆ ಒಂದು ಸಂಶೋಧನಾ ಘಟಕ ಹುಟ್ಟಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದ ಮೇಲೆ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಹಣ ಕೊಟ್ಟು ಬೇರೆ ಬೇರೆ ಕಡೆ ಕೇಂದ್ರಗಳನ್ನು ಬೆಳೆಸಿತು. ಆ ಹಣ ಪಂಚವಾರ್ಷಿಕ ಯೋಜನೆಗೆ ಕಟ್ಟಿಕೊಂಡಿತ್ತು. 12ನೇ ಯೋಜನೆ 2017ರ ಮಾರ್ಚ್‌ಗೆ ಮುಗಿಯಿತು, 13ನೆಯದು ಬರಲೇ ಇಲ್ಲ. ಯೋಜನೆಯನ್ನೇ ನಂಬಿಕೊಂಡಿದ್ದ ಕೇಂದ್ರಗಳಿಗೆಲ್ಲ ಮುಂದೇನು ಎಂಬ ಚಿಂತೆ ಶುರುವಾಯಿತು. ನಮ್ಮಲ್ಲಿ ವಿ.ವಿ.ಯೇ ಕೂತು ಯಾವ ಕೇಂದ್ರ ಇರಬೇಕು, ಯಾವುದು ಬೇಡ ಎಂದು ನೋಡಲು ಹೊರಟಿತು.

ಸಮಿತಿ ಕಳಿಸಿದ ನಮೂನೆ ತುಂಬಿಸುವುದೇ ಒಂದು ಯಜ್ಞ. ಸೆಮಿನಾರ್ ಎಷ್ಟು, ವರ್ಕ್‌ಶಾಪ್ ಎಷ್ಟು, ಪುಸ್ತಕ ಎಷ್ಟು, ಪಿಎಚ್‌ಡಿ ಎಷ್ಟು. ಖರ್ಚಿಗೆ ಕೇಂದ್ರ ಸರ್ಕಾರದ ಹಣಕಾಸು ನಿಯಮಗಳ (ಜಿಎಫ್‌ಆರ್) 12-ಎ ನಮೂನೆಯ ಬಳಕೆ ಪ್ರಮಾಣಪತ್ರ, ಅಂದರೆ ಎಲ್ಲರ ಬಾಯಲ್ಲಿರುವ ಯುಸಿ. ಸ್ಟಾಕ್ ರಿಜಿಸ್ಟರಿನಲ್ಲಿದ್ದ ಒಂದು ಸ್ಟೆಬಿಲೈಜರ್ ಎಲ್ಲಿದೆ ಎಂದು ಹುಡುಕುವುದರಲ್ಲೇ ಅರ್ಧ ದಿನ ಹೋಯಿತು. ನಾವು ಮಾಡಿದ ಮುಖ್ಯ ಕೆಲಸಕ್ಕೆ ಮಾತ್ರ ಆ ನಮೂನೆಯಲ್ಲಿ ಕಾಲಂ ಇರಲಿಲ್ಲ.

ಆ ಕೆಲಸ ಏನೆಂದರೆ, ಬ್ಯಾಡಗಿಯಲ್ಲಿ ಒಣಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಮಾತನ್ನು ರೆಕಾರ್ಡ್ ಮಾಡಿದ್ದು. ಇಷ್ಟು ಕೆಜಿಗೆ ಇಷ್ಟು ಎಂಬ ಲೆಕ್ಕದ ಕೂಲಿ. ಕೈ ಉರಿ ರಾತ್ರಿಯೆಲ್ಲ ಬಿಡುವುದಿಲ್ಲ. ಕೂಸಿಗೆ ಹಾಲು ಕುಡಿಸುವ ಮೊದಲು ಎಷ್ಟು ಸಲ ಕೈ ತೊಳೆಯಬೇಕು, ಎಣ್ಣೆ ಹಚ್ಚಿದರೆ ಸಾಕೋ ಮಜ್ಜಿಗೆಯಲ್ಲಿ ಅದ್ದಬೇಕೋ, ಇದನ್ನೆಲ್ಲ ಅವರು ಬಿಡಿಸಿ ಬಿಡಿಸಿ ಹೇಳಿದ್ದರು.

ಸಮಿತಿ ಬಂದ ದಿನ ನಮ್ಮ ಅಟೆಂಡರ್ ಅಕ್ಕ ಬಾಗಿಲಲ್ಲೇ ಕೇಳಿದರು, ‘ಚಾ ಎಷ್ಟು ಮಂದಿಗ್ರೀ ಮೇಡಂ?’ ಡೀನ್, ಹೊರಗಿನ ಇಬ್ಬರು ತಜ್ಞರು, ಹಣಕಾಸು ವಿಭಾಗದ ಒಬ್ಬರು. ಪವರ್‌ಪಾಯಿಂಟ್ ಮುಗಿಯುವ ಹೊತ್ತಿಗೆ ಒಬ್ಬರ ಕಣ್ಣು ಎಳೆಯುತ್ತಿತ್ತು. ಆಗ ಅರ್ಥಶಾಸ್ತ್ರದ ತಜ್ಞರು ನೇರವಾಗಿ ಕೇಳಿದರು, ‘ಇದನ್ನ ಸಮಾಜಶಾಸ್ತ್ರ ವಿಭಾಗಕ್ಕೇ ಸೇರಿಸಿಬಿಟ್ಟರೆ ಏನಾಗ್ತದೆ ಮೇಡಂ? ಖರ್ಚೂ ಉಳೀತದಲ್ಲ.’

ಕೇಳುವ ಪ್ರಶ್ನೆಯೇ. ಬೋರ್ಡು, ಬೀಗ ಬಿಟ್ಟರೆ ಬೇರೇನೂ ಇಲ್ಲದ ಕೇಂದ್ರಗಳು ನಮ್ಮ ಕ್ಯಾಂಪಸ್ಸಿನಲ್ಲೇ ಇವೆ. ಅವನ್ನು ಮುಚ್ಚಿದರೆ ನನಗೇನೂ ಬೇಜಾರಿಲ್ಲ.

ಮೇಡಂ ವಾದ ಮಾಡಲಿಲ್ಲ. ನನ್ನ ಕಡೆ ನೋಡಿ, ‘ಬ್ಯಾಡಗೀದು ಒಂದು ಹಾಕ್ರಿ’ ಅಂದರು. ಲ್ಯಾಪ್‌ಟಾಪಿನಲ್ಲಿ ಹಾಕಿದೆ. ಒಬ್ಬ ಅಜ್ಜಿ ಕೂಲಿ ಲೆಕ್ಕ ಹೇಳುತ್ತಾಳೆ. ನಡುವೆ ಕೆಮ್ಮು, ಸೀನು, ಮತ್ತೆ ಕೆಮ್ಮು. ‘ಯಾಕೆ ಇಷ್ಟು ಕೆಮ್ಮತಾರೆ, ಆರಾಮಿಲ್ಲೇನು?’ ಎಂದು ತಜ್ಞರು ಕೇಳಿದರು. ‘ಮೆಣಸಿನಕಾಯಿ ಘಾಟು ಸರ್. ಅಲ್ಲಿ ಎಲ್ಲರೂ ಹಂಗೇ. ರೆಕಾರ್ಡ್ ಮಾಡೋಕೆ ಹೋದ ನಾವೂ ಹಂಗೇ’ ಅಂದೆ.

ಆಮೇಲೆ ಮೇಡಂ ಹೇಳಿದರು. ಕೂಲಿ ಲೆಕ್ಕ ನೋಡಿದ್ದು ಅರ್ಥಶಾಸ್ತ್ರದ ಹುಡುಗ. ಕನಿಷ್ಠ ಕೂಲಿ ಕಾಯ್ದೆ ಇವರಿಗೆ ಹೇಗೆ ಅನ್ವಯಿಸುತ್ತದೆ ಎಂದು ಓದಿದ್ದು ಕಾನೂನು ವಿಭಾಗದವರು. ಮನೆಮನೆಗೆ ಹೋದದ್ದು ಸಮಾಜಶಾಸ್ತ್ರದ ಹುಡುಗಿಯರು. ಯಾವುದೇ ಒಂದು ವಿಭಾಗದ ಕೈಗೆ ಕೊಟ್ಟಿದ್ದರೆ ಸಿಲಬಸ್, ಪರೀಕ್ಷೆ, ಮೌಲ್ಯಮಾಪನದ ನಡುವೆ ಇದು ಎಲ್ಲಿ ಸಾಧ್ಯವಾಗುತ್ತಿತ್ತು?

ತಜ್ಞರು ಸುಮ್ನೆ ತಲೆದೂಗಿ ಬಿಡಲಿಲ್ಲ. ‘ಹಾಗಾದರೆ ಇದು ನಿಮ್ಮ ಲ್ಯಾಪ್‌ಟಾಪಿನಲ್ಲಿ ಯಾಕಿದೆ? ನಾಳೆ ಕೇಂದ್ರ ಮುಚ್ಚಿದರೆ ಯಾರಿಗೆ ಸಿಗ್ತದೆ?’ ಎಂದರು. ಇಡೀ ದಿನದ ಒಳ್ಳೆಯ ಪ್ರಶ್ನೆ ಅದೇ ಎಂದು ನನಗೆ ಈಗಲೂ ಅನ್ನಿಸುತ್ತದೆ. ಕೇಂದ್ರ ಹುಟ್ಟಬಹುದು, ಮುಚ್ಚಲೂಬಹುದು. ಅದು ಕೂಡಿಸಿಟ್ಟದ್ದು ಎಲ್ಲಿಗೆ ಹೋಗಬೇಕು ಎಂದು ಸ್ಥಾಪನೆಯ ಆದೇಶದಲ್ಲೇ ಬರೆದಿರಬೇಕು ಅಲ್ವಾ? ನಮ್ಮ ಆದೇಶದಲ್ಲಿ ಅಂಥದ್ದೊಂದು ಸಾಲು ಇರಲಿಲ್ಲ.

ಕೊನೆಗೆ ಎರಡು ವರ್ಷದ ಮುಂದುವರಿಕೆ ಸಿಕ್ಕಿತು. ರೆಕಾರ್ಡಿಂಗುಗಳನ್ನೆಲ್ಲ ಪಟ್ಟಿ ಮಾಡಿ, ಬರಹಕ್ಕಿಳಿಸಿ, ಮುಖ್ಯ ಗ್ರಂಥಾಲಯಕ್ಕೆ ಒಂದು ಪ್ರತಿ ಕೊಡಬೇಕು ಎಂಬ ಷರತ್ತು ಅದರಲ್ಲಿತ್ತು. ಆ ಕೆಲಸ ಈಗ ನಡೆಯುತ್ತಿದೆ. ಮಾಡಬೇಕಾದವಳು ನಾನು. ನನ್ನ ಹುದ್ದೆಯ ಬಗ್ಗೆ ಆದೇಶದಲ್ಲಿ ಏನೂ ಇಲ್ಲ. ಅದಕ್ಕೆ ಮೇಡಂ ಬೇರೆ ಟಿಪ್ಪಣಿ ಹಾಕಿದ್ದಾರೆ. ಅದು ಹಣಕಾಸು ವಿಭಾಗದಲ್ಲಿದೆ.